ಗಾಳಿಯಲ್ಲಿ ನಿಲ್ಲುವ ಅಲ್ಯುಮಿನಿಯಂ ತಟ್ಟೆ: ಹೊಸೂರಿನ ಕುಕ್ಕರ್‌ಗೂ ಇದಕ್ಕೂ ಎಂತ ಸಂಬಂಧ?

ಊರು ಬಿಟ್ಟು ಬೆಂಗಳೂರು, ಹೊಸೂರು ಕಡೆ ಕೆಲಸಕ್ಕೆ, ವ್ಯಾಪಾರಕ್ಕೆ ಹೋದ ಹುಡುಗರ ಬಾಡಿಗೆ ರೂಮಿಗೆ ಗ್ಯಾಸ್ ಕನೆಕ್ಷನ್‌ಗಿಂತ ಮೊದಲು ಬರುವುದು ಇಂಡಕ್ಷನ್ ಸ್ಟೌ. ಮೊದಲ ದಿನವೇ ಒಂದು ಸಮಸ್ಯೆ ಎದುರಾಗ್ತದೆ. ಮನೆಯಿಂದ ಉಮ್ಮ ಕಟ್ಟಿಕೊಟ್ಟ ಅಲ್ಯುಮಿನಿಯಂ ಪಾತ್ರೆಯನ್ನು ಅದರ ಮೇಲಿಟ್ಟರೆ ನೀರು ಬಿಸಿಯಾಗುವುದಿಲ್ಲ. ಸ್ಟೌ ನಾಲ್ಕು ಸಲ ಬೀಪ್ ಅಂತ ಕೂಗಿ ಆಫ್ ಆಗ್ತದೆ. ಸ್ಟೌ ಹಾಳಾಗಿದೆ ಅಂತ ಅಂಗಡಿಗೆ ವಾಪಸ್ ಒಯ್ಯುವವರೂ ಉಂಟು. ಆದರೆ ಸ್ಟೌ ಸರಿಯಾಗಿಯೇ ಇರ್ತದೆ.

ಇದೇ ಅಲ್ಯುಮಿನಿಯಂನ ಒಂದು ತೆಳು ತಟ್ಟೆಯನ್ನು ಬೇರೆ ತರದ ತಂತಿ ಸುರುಳಿಯ ಮೇಲಿಟ್ಟು ಎಸಿ ಕರೆಂಟ್ ಹರಿಸಿದರೆ ಆ ತಟ್ಟೆ ಮೇಲೆದ್ದು ಗಾಳಿಯಲ್ಲಿ ನಿಲ್ಲುತ್ತದೆ. ದಾರ ಇಲ್ಲ, ಆಧಾರ ಇಲ್ಲ, ಕೆಳಗೆ ಗಾಳಿ ಊದುವ ಫ್ಯಾನೂ ಇಲ್ಲ. ಒಂದು ಕಡೆ ಬಿಸಿಯೇ ಆಗದ ಅಲ್ಯುಮಿನಿಯಂ ಇನ್ನೊಂದು ಕಡೆ ತೇಲುವುದು ಯಾಕೆ? ಎರಡಕ್ಕೂ ಕಾರಣ ಒಂದೇ. ಆ ಕಾರಣ ಗೊತ್ತಿದ್ದರೆ ಪಾತ್ರೆ ಕೊಳ್ಳುವಾಗ ದುಡ್ಡು ಉಳಿಯುತ್ತದೆ, ಕೆಲವು ದೊಡ್ಡ ಮೋಸಗಳಿಂದಲೂ ಪಾರಾಗಬಹುದು.

ಶುರುವಾದದ್ದು ಎಲ್ಲಿಂದ?

1831ರಲ್ಲಿ ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ ಒಂದು ವಿಷಯ ಕಂಡುಹಿಡಿದರು. ತಂತಿಯ ಹತ್ತಿರ ಅಯಸ್ಕಾಂತದ ಬಲ ಬದಲಾಗುತ್ತಿದ್ದರೆ ಆ ತಂತಿಯಲ್ಲಿ ತಾನಾಗಿಯೇ ಕರೆಂಟ್ ಹುಟ್ಟುತ್ತದೆ. ಬಲ ಬದಲಾಗುತ್ತಿರಬೇಕು ಅನ್ನುವುದೇ ಇಲ್ಲಿ ಮುಖ್ಯ. ಅಯಸ್ಕಾಂತವನ್ನು ಸುಮ್ಮನೆ ಪಕ್ಕದಲ್ಲಿ ಇಟ್ಟರೆ ಏನೂ ಆಗುವುದಿಲ್ಲ.

1834ರಲ್ಲಿ ಲೆನ್ಜ್ ಎಂಬ ವಿಜ್ಞಾನಿ ಇದಕ್ಕೆ ಇನ್ನೊಂದು ನಿಯಮ ಸೇರಿಸಿದರು. ಹಾಗೆ ಹುಟ್ಟಿದ ಕರೆಂಟ್ ಯಾವಾಗಲೂ ತನ್ನನ್ನು ಹುಟ್ಟಿಸಿದ ಬದಲಾವಣೆಯನ್ನೇ ವಿರೋಧಿಸುತ್ತದೆ ಎಂಬುದು ಆ ನಿಯಮ. 1855ರಲ್ಲಿ ಫ್ರಾನ್ಸಿನ ಫೂಕೊ, ತಂತಿಯೇ ಬೇಕೆಂದಿಲ್ಲ, ಲೋಹದ ತಟ್ಟೆಯ ಒಳಗೂ ಇಂಥ ಕರೆಂಟ್ ಸುತ್ತುತ್ತದೆ ಎಂದು ತೋರಿಸಿದರು. ಹೊಳೆಯ ನೀರಿನಲ್ಲಿ ಸುಳಿ ಏಳುವ ಹಾಗೆ ಲೋಹದೊಳಗೆ ಸುತ್ತುವುದರಿಂದ ಇದಕ್ಕೆ ಸುಳಿ ವಿದ್ಯುತ್, ಇಂಗ್ಲಿಷಿನಲ್ಲಿ ಎಡ್ಡಿ ಕರೆಂಟ್ ಎಂದು ಹೆಸರು.

ಮನೆಗೆ ಬರುವ ಎಸಿ ಕರೆಂಟ್ ಆಗ ಇನ್ನೂ ಹೊಸತು. 1887ರಲ್ಲಿ ಅಮೆರಿಕದ ಇಲೈಹು ಥಾಮ್ಸನ್ ಎಸಿ ಸುರುಳಿಯ ಮೇಲಿಟ್ಟ ಲೋಹದ ಬಳೆ ಹಾರುವುದನ್ನು ತೋರಿಸಿದರು. ಇಂದಿಗೂ ಇಂಜಿನಿಯರಿಂಗ್ ಕಾಲೇಜುಗಳ ಲ್ಯಾಬ್‌ನಲ್ಲಿ ಮಾಡಿ ತೋರಿಸುವ ಹಾರುವ ಬಳೆಯ ಪ್ರಯೋಗ ಇದೇ. ತೇಲುವ ತಟ್ಟೆ ಅದರ ಮುಂದಿನ ಹೆಜ್ಜೆ. ಬಳೆ ಒಮ್ಮೆ ಹಾರಿ ಬೀಳುತ್ತದೆ, ತಟ್ಟೆ ಮೇಲೆಯೇ ನಿಲ್ಲುತ್ತದೆ.

ತಳ್ಳುವುದು ಹೇಗೆ?

ನಮ್ಮ ದೇಶದ ಎಸಿ ಕರೆಂಟ್ ಸೆಕೆಂಡಿಗೆ 50 ಆವರ್ತನೆಯದ್ದು. ಅಂದರೆ ಒಂದೇ ಸೆಕೆಂಡಿನಲ್ಲಿ 100 ಸಲ ದಿಕ್ಕು ಬದಲಿಸುತ್ತದೆ. ಸುರುಳಿಯಲ್ಲಿ ಈ ಕರೆಂಟ್ ಹರಿದಾಗ ಅದರ ಸುತ್ತ ಅಯಸ್ಕಾಂತ ಬಲವೂ ಅಷ್ಟೇ ವೇಗದಲ್ಲಿ ಏರಿಳಿಯುತ್ತದೆ. ಮೇಲಿರುವ ಅಲ್ಯುಮಿನಿಯಂ ತಟ್ಟೆಯೊಳಗೆ ಸುಳಿ ವಿದ್ಯುತ್ ಹುಟ್ಟುತ್ತದೆ. ಆಗ ತಟ್ಟೆಯೇ ಒಂದು ಅಯಸ್ಕಾಂತ ಆಗಿಬಿಡುತ್ತದೆ. ಲೆನ್ಜ್ ಹೇಳಿದಂತೆ ಅದು ಕೆಳಗಿನ ಸುರುಳಿಗೆ ವಿರೋಧವಾಗಿ ನಿಲ್ಲುತ್ತದೆ. ಎರಡು ಅಯಸ್ಕಾಂತಗಳ ಒಂದೇ ತುದಿಗಳನ್ನು ಹತ್ತಿರ ತಂದರೆ ಹೇಗೆ ತಳ್ಳಿಕೊಳ್ಳುತ್ತವೋ ಹಾಗೆ.

ಶಾಲೆಯ ಪುಸ್ತಕದಲ್ಲಿ ವಿವರಣೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಆದರೆ ಲೆಕ್ಕ ಹಾಕುವವರಿಗೆ ಒಂದು ಸಂಶಯ ಬರಬೇಕು. ಎಸಿ ಏರುವಾಗ ತಟ್ಟೆ ತಳ್ಳಲ್ಪಟ್ಟರೆ ಇಳಿಯುವಾಗ ಎಳೆಯಲ್ಪಡಬೇಕಲ್ಲ? ಜಮೆಗೂ ಖರ್ಚಿಗೂ ಸರಿಹೋಗಿ ಬಾಕಿ ಸೊನ್ನೆ ಆಗಬೇಕಲ್ಲ?

ಸಂಶಯ ಸರಿಯಾದದ್ದೇ. ತಟ್ಟೆಯಲ್ಲಿ ಕರೆಂಟಿಗೆ ತಡೆ ಮಾತ್ರ ಇದ್ದಿದ್ದರೆ ಹಾಗೆಯೇ ಆಗುತ್ತಿತ್ತು. ಆಗ ತಟ್ಟೆಯ ಕರೆಂಟ್ ಸುರುಳಿಯ ಕರೆಂಟಿಗಿಂತ ಕಾಲು ಸುತ್ತು, ಅಂದರೆ ಸೆಕೆಂಡಿನ 200ನೇ ಒಂದು ಭಾಗದಷ್ಟು ತಡವಾಗಿ ನಡೆಯುತ್ತದೆ. ಅರ್ಧ ಹೊತ್ತು ತಳ್ಳು, ಅರ್ಧ ಹೊತ್ತು ಎಳೆತ, ಒಟ್ಟು ಸೊನ್ನೆ. ಆದರೆ ತಟ್ಟೆಯ ಕರೆಂಟಿಗೆ ಇನ್ನೊಂದು ಗುಣ ಉಂಟು. ಅದು ಥಟ್ಟನೆ ಬದಲಾಗಲು ಒಪ್ಪುವುದಿಲ್ಲ. ತುಂಬಿದ ಲಾರಿ ಬ್ರೇಕ್ ಹಾಕಿದ ಕೂಡಲೇ ನಿಲ್ಲದ ಹಾಗೆ. ಇಂಜಿನಿಯರುಗಳು ಇದನ್ನು ಇಂಡಕ್ಟೆನ್ಸ್ ಅಂತಾರೆ. ಇದರಿಂದ ತಟ್ಟೆಯ ಕರೆಂಟ್ ಕಾಲು ಸುತ್ತಿಗಿಂತಲೂ ಹೆಚ್ಚು ತಡವಾಗಿ ಅರ್ಧ ಸುತ್ತಿನ ಹತ್ತಿರಕ್ಕೆ ಸರಿಯುತ್ತದೆ. ಆಗ ತಳ್ಳುವ ಹೊತ್ತು ಜಾಸ್ತಿ, ಎಳೆಯುವ ಹೊತ್ತು ಕಡಿಮೆ. ಉಳಿದ ಬಾಕಿಯೇ ತಟ್ಟೆಯನ್ನು ಎತ್ತುವ ಬಲ. ಈ ಬಲ ಸೆಕೆಂಡಿಗೆ 100 ಸಲ ಮಿಡಿಯುವುದರಿಂದ ತೇಲುವ ತಟ್ಟೆ ಟ್ರಾನ್ಸ್‌ಫಾರ್ಮರ್‌ನ ಹಾಗೆ ಗುಂಯ್ ಅಂತ ಸದ್ದು ಮಾಡುತ್ತದೆ.

ಯಾಕೆ ಅಲ್ಯುಮಿನಿಯಂ?

ಕರೆಂಟ್ ಸುಲಭವಾಗಿ ಹರಿಯುವ ಲೋಹ ಬೇಕು, ಜೊತೆಗೆ ಅದು ಹಗುರ ಇರಬೇಕು. ತಾಮ್ರದಲ್ಲಿ ಕರೆಂಟ್ ಅಲ್ಯುಮಿನಿಯಂಗಿಂತ ಚೆನ್ನಾಗಿ ಹರಿಯುತ್ತದೆ. ಆದರೆ ತಾಮ್ರ ಒಂದು ಘನ ಸೆಂಟಿಮೀಟರಿಗೆ ಸುಮಾರು 8.96 ಗ್ರಾಂ ತೂಗಿದರೆ ಅಲ್ಯುಮಿನಿಯಂ 2.70 ಗ್ರಾಂ ಮಾತ್ರ. ಒಂದೊಂದು ಗ್ರಾಂ ತೂಕಕ್ಕೆ ಎಷ್ಟು ಕರೆಂಟ್ ಒಯ್ಯುತ್ತದೆ ಅಂತ ಲೆಕ್ಕ ಹಾಕಿದರೆ ಅಲ್ಯುಮಿನಿಯಂ ತಾಮ್ರದ ಸುಮಾರು ಎರಡು ಪಟ್ಟು ಮುಂದೆ. ವಿದ್ಯುತ್ ಇಲಾಖೆಯವರು ಊರೂರಿಗೆ ಎಳೆಯುವ ಕಂಬದ ತಂತಿ ಅಲ್ಯುಮಿನಿಯಂ ಆಗಿರುವುದಕ್ಕೆ ಬೆಲೆಯ ಜೊತೆಗೆ ಇದೂ ಒಂದು ಕಾರಣ.

ಕಬ್ಬಿಣದ ತಟ್ಟೆ ತೇಲುವುದಿಲ್ಲ, ಸುರುಳಿಗೆ ಅಂಟಿಕೊಳ್ಳುತ್ತದೆ. ಕಬ್ಬಿಣಕ್ಕೆ ಅಯಸ್ಕಾಂತದ ಸೆಳೆತ ಹುಟ್ಟುಗುಣ. ಸುಳಿ ವಿದ್ಯುತ್ತಿನ ತಳ್ಳು ಅದರ ಮುಂದೆ ಸೋಲುತ್ತದೆ. ಅಯಸ್ಕಾಂತ ಅಂಟದ ಸ್ಟೀಲ್ ತಟ್ಟೆ ಅಂಟಿಕೊಳ್ಳುವುದೂ ಇಲ್ಲ, ಏಳುವುದೂ ಇಲ್ಲ. ಅದರಲ್ಲಿ ಕರೆಂಟ್ ಅಲ್ಯುಮಿನಿಯಂನ ಇಪ್ಪತ್ತನೇ ಒಂದು ಪಾಲಿನಷ್ಟೂ ಸಲೀಸಾಗಿ ಹರಿಯುವುದಿಲ್ಲ.

ಜಾರದಂತೆ ನಿಲ್ಲಿಸುವುದು

ತಟ್ಟೆಯನ್ನು ಎತ್ತುವುದಕ್ಕಿಂತ ಕಷ್ಟದ ಕೆಲಸ ಅದನ್ನು ಅಲ್ಲೇ ನಿಲ್ಲಿಸುವುದು. ಒಂದೇ ಸುರುಳಿಯಾದರೆ ತಟ್ಟೆ ಬೋರಲು ಹಾಕಿದ ಬಟ್ಟಲಿನ ಮೇಲಿಟ್ಟ ಗೋಲಿಯ ಹಾಗೆ ಒಂದು ಬದಿಗೆ ಜಾರಿ ಬೀಳುತ್ತದೆ. ಅದಕ್ಕೆ ಒಂದರೊಳಗೊಂದು ಎರಡು ಸುರುಳಿ ಇಡುತ್ತಾರೆ. ಒಳಗಿನದರಲ್ಲಿ ಕರೆಂಟ್ ಒಂದು ದಿಕ್ಕಿಗೆ, ಹೊರಗಿನದರಲ್ಲಿ ವಿರುದ್ಧ ದಿಕ್ಕಿಗೆ. ಹೀಗೆ ಮಾಡಿದರೆ ಬಲದ ಆಕಾರ ನೆಟ್ಟಗೆ ಇಟ್ಟ ಬಟ್ಟಲಿನಂತಾಗುತ್ತದೆ. ತಟ್ಟೆ ಎಡಕ್ಕೆ ಸರಿದರೆ ಆ ಬದಿಯ ಬಲ ಅದನ್ನು ಮತ್ತೆ ನಡುವಿಗೆ ತಳ್ಳುತ್ತದೆ.

ಇದಕ್ಕೆ ಜಗತ್ತಿನ ಇಂಜಿನಿಯರುಗಳೆಲ್ಲ ಬಳಸುವ ಒಂದು ಮಾದರಿ ಉಂಟು. ಜರ್ಮನಿಯ ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದವರು ರೂಪಿಸಿದ ಇದು ಕಂಪ್ಯೂಟರ್ ಲೆಕ್ಕಗಳನ್ನು ಪರೀಕ್ಷಿಸುವ ಟೀಮ್ ಎಂಬ ಸರಣಿಯ 28ನೇ ಸಮಸ್ಯೆ. ತಟ್ಟೆಯ ಅಗಲ 13 ಸೆಂಟಿಮೀಟರ್, ದಪ್ಪ 3 ಮಿಲಿಮೀಟರ್, ತೂಕ 107 ಗ್ರಾಂ. ಒಳಸುರುಳಿಗೆ 960 ಸುತ್ತು ತಂತಿ, ಹೊರಸುರುಳಿಗೆ 576 ಸುತ್ತು. ಹರಿಸುವ ಕರೆಂಟ್ ಗರಿಷ್ಠ 20 ಆಂಪಿಯರ್, ಆವರ್ತನೆ ನಮ್ಮ ಮನೆಯದ್ದೇ 50. ಸ್ವಿಚ್ ಹಾಕಿದ ಕೂಡಲೇ ತಟ್ಟೆ ಮೇಲಕ್ಕೆ ಜಿಗಿದು, ಕೆಲವು ಸಲ ಮೇಲೆ ಕೆಳಗೆ ಕುಣಿದು, ಕೊನೆಗೆ ಸುರುಳಿಗಿಂತ ಸುಮಾರು 11 ಮಿಲಿಮೀಟರ್ ಮೇಲೆ ನಿಲ್ಲುತ್ತದೆ.

ಇಲ್ಲಿ ಖರ್ಚಿನ ಲೆಕ್ಕ ಗಮನಿಸಬೇಕು. ಒಂದು ಸ್ನಾನದ ಸೋಪಿನಷ್ಟು ತೂಕವನ್ನು ಬೆರಳಿನ ದಪ್ಪದಷ್ಟು ಎತ್ತರಕ್ಕೆ ಏರಿಸಲು ಸಾವಿರದೈನೂರಕ್ಕೂ ಹೆಚ್ಚು ಸುತ್ತು ತಂತಿ, 20 ಆಂಪಿಯರ್ ಕರೆಂಟ್. ಮನೆಯ ಸಾಮಾನ್ಯ ಪ್ಲಗ್ ಪಾಯಿಂಟ್ 6 ಆಂಪಿಯರಿನದ್ದು, ದೊಡ್ಡದು 16 ಆಂಪಿಯರಿನದ್ದು. ಹಾಗಾಗಿ ಯೂಟ್ಯೂಬ್ ನೋಡಿ ಮಕ್ಕಳು ಇದನ್ನು ಮನೆಯ 230 ವೋಲ್ಟ್ ಕರೆಂಟಿನಲ್ಲಿ ಮಾಡಲು ಹೋಗಬಾರದು. ಶಾಕ್ ಹೊಡೆಯುವುದು ಒಂದು ಅಪಾಯವಾದರೆ, ತಟ್ಟೆಯೂ ಸುರುಳಿಯೂ ಮುಟ್ಟಲಾಗದಷ್ಟು ಬಿಸಿಯಾಗುವುದು ಇನ್ನೊಂದು.

ಬಿಸಿ: ಇಲ್ಲಿ ನಷ್ಟ, ಅಲ್ಲಿ ಲಾಭ

ತಟ್ಟೆ ತೇಲಲಿಕ್ಕೆ ಕೊಟ್ಟ ಕರೆಂಟೆಲ್ಲ ಎಲ್ಲಿಗೆ ಹೋಗುತ್ತದೆ? ತಟ್ಟೆ ಒಂದೇ ಎತ್ತರದಲ್ಲಿ ನಿಂತ ಮೇಲೆ ಎತ್ತುವ ಕೆಲಸ ಮುಗಿದಿದೆ. ಆಮೇಲೆ ಮೀಟರಿನಲ್ಲಿ ಓಡುವ ಪ್ರತಿಯೊಂದು ಯೂನಿಟ್ಟೂ ಕೊನೆಗೆ ಬಿಸಿಯಾಗಿ ಹೋಗುತ್ತದೆ. ಸುರುಳಿಯಲ್ಲಿ ಒಂದಷ್ಟು, ತಟ್ಟೆಯಲ್ಲಿ ಒಂದಷ್ಟು.

ಸುಳಿ ವಿದ್ಯುತ್ ಮಾಡುವುದು ಎರಡೇ ಕೆಲಸ. ಒಂದು ತಳ್ಳುವುದು, ಇನ್ನೊಂದು ಬಿಸಿ ಮಾಡುವುದು. ಯಾವುದು ಜಾಸ್ತಿ ಅನ್ನುವುದನ್ನು ಲೋಹ ಮತ್ತು ಆವರ್ತನೆ ನಿರ್ಧರಿಸುತ್ತವೆ. ತಟ್ಟೆ ತೇಲಿಸುವವನಿಗೆ ತಳ್ಳು ಲಾಭ, ಬಿಸಿ ನಷ್ಟ. ಅಡುಗೆ ಮಾಡುವವನಿಗೆ ಬಿಸಿ ಲಾಭ, ತಳ್ಳು ನಷ್ಟ.

ಎರಡೂ ಬೇಕಾದವರೂ ಇದ್ದಾರೆ. 1923ರಲ್ಲಿ ಜರ್ಮನಿಯ ಒಟ್ಟೊ ಮುಕ್, ಲೋಹವನ್ನು ಗಾಳಿಯಲ್ಲಿ ತೇಲಿಸಿಕೊಂಡೇ ಕರಗಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ಕರಗಿದ ಲೋಹ ಯಾವ ಪಾತ್ರೆಯನ್ನೂ ಮುಟ್ಟುವುದಿಲ್ಲವಾದ್ದರಿಂದ ಅದಕ್ಕೆ ಕಲ್ಮಷ ಸೇರುವುದಿಲ್ಲ. ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೂ 2014ರಲ್ಲಿ ಇಂಥದ್ದೊಂದು ಉಪಕರಣ ಕಳುಹಿಸಲಾಗಿದೆ.

ಹೊಸೂರಿನ ಕುಕ್ಕರ್

ಈಗ ರೂಮಿನ ಇಂಡಕ್ಷನ್ ಸ್ಟೌಗೆ ಬರುವ. ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್ ದೂರ, ಅತ್ತಿಬೆಲೆ ದಾಟಿದ ಕೂಡಲೇ ಸಿಗುವ ಹೊಸೂರು ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲಿದೆ. 2004ರಲ್ಲಿ ಧರ್ಮಪುರಿಯಿಂದ ಬೇರೆಯಾದ ಜಿಲ್ಲೆ ಅದು. ತಮಿಳು, ತೆಲುಗು, ಕನ್ನಡ, ಉರ್ದು ನಾಲ್ಕೂ ಓಡಾಡುವ ಊರು. ತಮಿಳುನಾಡು ಸರಕಾರ 1971ರಲ್ಲಿ ಸ್ಥಾಪಿಸಿದ ಸಿಪ್ಕಾಟ್ ಸಂಸ್ಥೆಯ ಕೈಗಾರಿಕಾ ಪ್ರದೇಶ ಬಂದ ಮೇಲೆ ಊರಿನ ಚಹರೆಯೇ ಬದಲಾಯಿತು. ಟಿವಿಎಸ್ 50 ಮೊಪೆಡ್ 1980ರಲ್ಲಿ ಇಲ್ಲಿಂದಲೇ ಹೊರಬಂತು. ಟೈಟಾನ್ ವಾಚ್ ಇಲ್ಲಿಯದ್ದು. ಪ್ರೆಸ್ಟೀಜ್ ಕುಕ್ಕರ್ ತಯಾರಿಸುವ ಟಿಟಿಕೆ ಪ್ರೆಸ್ಟೀಜ್ ಕಂಪೆನಿಯ ನೋಂದಾಯಿತ ಕಚೇರಿ ಇರುವುದೂ ಹೊಸೂರಿನ ಸಿಪ್ಕಾಟ್‌ನಲ್ಲಿ, ಕಾರ್ಖಾನೆಯೂ ಅಲ್ಲೇ.

ಪ್ರೆಸ್ಟೀಜ್ ಕುಕ್ಕರ್‌ಗಳಲ್ಲಿ ಅಲ್ಯುಮಿನಿಯಂನದ್ದೂ ಉಂಟು, ಸ್ಟೀಲಿನದ್ದೂ ಉಂಟು. ಅಲ್ಯುಮಿನಿಯಂ ಕುಕ್ಕರ್‌ಗಳಲ್ಲಿ ಕೆಲವಕ್ಕೆ ‘ಇಂಡಕ್ಷನ್ ಬೇಸ್’ ಅಂತ ಬರೆದಿರ್ತದೆ. ಅಡಿ ತಿರುಗಿಸಿ ನೋಡಿದರೆ ಅಲ್ಯುಮಿನಿಯಂ ಮೈಗೆ ಅಯಸ್ಕಾಂತ ಅಂಟುವ ಸ್ಟೀಲಿನ ಒಂದು ಬಿಲ್ಲೆಯನ್ನು ಒತ್ತಿ ಕೂರಿಸಿದ್ದು ಕಾಣುತ್ತದೆ. ಆ ಬಿಲ್ಲೆಗಾಗಿಯೇ ಬೆಲೆ ಸ್ವಲ್ಪ ಹೆಚ್ಚು.

ಬಿಲ್ಲೆ ಯಾಕೆ ಬೇಕು? ಇಂಡಕ್ಷನ್ ಸ್ಟೌನ ಗಾಜಿನ ಕೆಳಗೆ ಇರುವುದೂ ತೇಲುವ ತಟ್ಟೆಯ ಕೆಳಗಿದ್ದಂಥದ್ದೇ ಚಪ್ಪಟೆ ಸುರುಳಿ. ಆದರೆ ಇಲ್ಲಿ ಕರೆಂಟ್ ಸೆಕೆಂಡಿಗೆ 50 ಸಲ ಅಲ್ಲ, ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಲ ಆವರ್ತಿಸುತ್ತದೆ. ಆವರ್ತನೆ ಏರಿದಂತೆ ಸುಳಿ ವಿದ್ಯುತ್ ಲೋಹದ ಮೇಲ್ಪದರದಲ್ಲಿ ಮಾತ್ರ ಹರಿಯುತ್ತದೆ. ಅಲ್ಯುಮಿನಿಯಂನಲ್ಲಿ 50ರ ಆವರ್ತನೆಗೆ ಈ ಪದರ ಸುಮಾರು 12 ಮಿಲಿಮೀಟರ್ ಇದ್ದರೆ 25 ಸಾವಿರದ ಆವರ್ತನೆಗೆ ಅರ್ಧ ಮಿಲಿಮೀಟರ್. ಅಯಸ್ಕಾಂತ ಅಂಟುವ ಸ್ಟೀಲಿನಲ್ಲಿ ಅದು ಮಿಲಿಮೀಟರಿನ ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಸ್ಟೀಲಿನಲ್ಲಿ ಕರೆಂಟಿಗೆ ಮೊದಲೇ ತಡೆ ಜಾಸ್ತಿ, ಹರಿಯುವ ದಾರಿಯೂ ತೀರಾ ಕಿರಿದು. ಕಿರಿದಾದ ದಾರಿಯಲ್ಲಿ ನುಗ್ಗುವ ಜನರಿಗೆ ಬೆವರು ಬರುವ ಹಾಗೆ ಅಲ್ಲಿ ಬಿಸಿ ಹುಟ್ಟುತ್ತದೆ. ಅಲ್ಯುಮಿನಿಯಂನಲ್ಲಿ ದಾರಿ ಅಗಲ, ತಡೆ ಕಡಿಮೆ. ಕರೆಂಟ್ ಸಲೀಸಾಗಿ ಹರಿದು ಸುರುಳಿಯನ್ನು ತಳ್ಳುತ್ತದೆ ಹೊರತು ಬಿಸಿಯಾಗುವುದು ಅತಿ ಕಡಿಮೆ. ಇದು ತನಗೆ ಆಗುವ ಪಾತ್ರೆ ಅಲ್ಲ ಅಂತ ಗುರುತಿಸಿ ಸ್ಟೌ ಬೀಪ್ ಹೊಡೆದು ನಿಲ್ಲುತ್ತದೆ.

ಅಲ್ಯುಮಿನಿಯಂ ಪಾತ್ರೆಗೂ ಆಗುವ ಇಂಡಕ್ಷನ್ ಸ್ಟೌ ಮಾಡಲು ಸಾಧ್ಯವಿಲ್ಲ ಅಂತಲ್ಲ. ಇಂದು ಪ್ಯಾನಸಾನಿಕ್ ಎಂದು ಕರೆಯುವ ಜಪಾನಿನ ಮತ್ಸುಶಿತಾ ಕಂಪೆನಿ 2002ರಲ್ಲಿ ಅಂಥದ್ದನ್ನು ಮಾರುಕಟ್ಟೆಗೆ ತಂದಿತು. ಆವರ್ತನೆ ಇನ್ನೂ ಹೆಚ್ಚಿಸಿ, ಸುರುಳಿಯ ಕರೆಂಟನ್ನೂ ಏರಿಸಿ ಅಲ್ಯುಮಿನಿಯಂ ಬಿಸಿ ಮಾಡಿದರು. ಆಗ ಎದುರಾದ ತೊಂದರೆ ಎಂತದ್ದು ಗೊತ್ತಾ? ಹಗುರವಾದ ಪಾತ್ರೆಗಳು ಸ್ಟೌ ಮೇಲೆ ತೇಲಿ ಸರಿಯತೊಡಗಿದವು. ತಟ್ಟೆ ತೇಲಿಸುವವರಿಗೆ ಬೇಕಾದ ತಳ್ಳು ಅಡುಗೆಯವರಿಗೆ ಕಾಟ ಆಯಿತು. ಅದನ್ನು ತಗ್ಗಿಸಲು ಬೇರೆ ಉಪಾಯವನ್ನೇ ಮಾಡಬೇಕಾಯಿತು.

ಪಾತ್ರೆ, ಸ್ಟೌ ಕೊಳ್ಳುವವರು ಗಮನಿಸಬೇಕಾದ್ದು

ಪಾತ್ರೆ ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಫ್ರಿಜ್‌ಗೆ ಅಂಟಿಸುವ ಒಂದು ಸಣ್ಣ ಅಯಸ್ಕಾಂತ ಇದ್ದರೆ ಸಾಕು. ಪಾತ್ರೆಯ ಅಡಿಗೆ ಗಟ್ಟಿಯಾಗಿ ಅಂಟಿದರೆ ಇಂಡಕ್ಷನ್‌ಗೆ ಆಗ್ತದೆ. ಅಂಟದಿದ್ದರೆ ಆಗುವುದಿಲ್ಲ. ‘ಸ್ಟೀಲ್’ ಎಂಬ ಹೆಸರು ಮಾತ್ರ ನೋಡಿ ಕೊಳ್ಳಬಾರದು, ಎಲ್ಲ ಸ್ಟೀಲಿಗೂ ಅಯಸ್ಕಾಂತ ಅಂಟುವುದಿಲ್ಲ. ಕಬ್ಬಿಣದ ಕಾವಲಿಗೆ ಚೆನ್ನಾಗಿ ಅಂಟುತ್ತದೆ. ತಾಮ್ರ, ಹಿತ್ತಾಳೆ, ಮಣ್ಣಿನ ಪಾತ್ರೆ ಹಾಗೇ ಇಟ್ಟರೆ ಆಗದು. ಬಿಲ್ಲೆ ಕೂರಿಸಿದ ಪಾತ್ರೆಯಲ್ಲಿ ಬಿಲ್ಲೆಯ ಅಗಲವನ್ನೂ ನೋಡಬೇಕು. ತೀರಾ ಚಿಕ್ಕದಾದರೆ ಬಿಸಿ ನಡುವಿನಲ್ಲೇ ನಿಂತು ಅಡಿ ಹಿಡಿಯುತ್ತದೆ.

ಖರ್ಚಿನ ಲೆಕ್ಕ ಹೀಗೆ ಹಾಕಬಹುದು. ಒಂದು ಕೆ.ಜಿ. ಅಡುಗೆ ಅನಿಲದಲ್ಲಿ ಸುಮಾರು 12.7 ಯೂನಿಟ್ ಕರೆಂಟಿನಷ್ಟು ಶಾಖ ಇರ್ತದೆ. ಮನೆಯ 14.2 ಕೆ.ಜಿ. ಸಿಲಿಂಡರಿಗೆ ಒಟ್ಟು ಸುಮಾರು 180 ಯೂನಿಟ್. ಒಳ್ಳೆಯ ಗ್ಯಾಸ್ ಒಲೆಯಲ್ಲಿ ಇದರ ಶೇ. 68ರಷ್ಟು ಪಾತ್ರೆಗೆ ತಲುಪುತ್ತದೆ ಎಂದಿಟ್ಟುಕೊಂಡರೆ 122 ಯೂನಿಟ್. ಇಂಡಕ್ಷನ್‌ನಲ್ಲಿ ಶೇ. 85ರಷ್ಟು ತಲುಪುತ್ತದೆ ಎಂದಿಟ್ಟುಕೊಂಡರೆ ಅದೇ ಅಡುಗೆಗೆ ಸುಮಾರು 144 ಯೂನಿಟ್ ಕರೆಂಟ್ ಬೇಕು. ಈ 144ನ್ನು ನಿಮ್ಮ ಯೂನಿಟ್ ದರದಿಂದ ಗುಣಿಸಿ ಸಿಲಿಂಡರ್ ಬೆಲೆಯೊಂದಿಗೆ ಹೋಲಿಸಿ. ತಮಿಳುನಾಡಿನಲ್ಲಿ ಬಿಲ್ ಎರಡು ತಿಂಗಳಿಗೊಮ್ಮೆ ಬರುತ್ತದೆ, ಬಳಕೆ ಹೆಚ್ಚಿದಂತೆ ದರವೂ ಏರುತ್ತದೆ. ಸ್ಟೌ ಸೇರಿದ ಮೇಲೆ ಬಿಲ್ ಯಾವ ಸ್ಲ್ಯಾಬ್‌ಗೆ ಹೋಗ್ತದೆ ಅಂತ ನೋಡಿ ಆ ದರದಲ್ಲೇ ಗುಣಿಸಬೇಕು. ಮೊದಲ ಸ್ಲ್ಯಾಬಿನ ದರ ಹಿಡಿದು ಲೆಕ್ಕ ಹಾಕಿದರೆ ತಪ್ಪಾಗ್ತದೆ.

ಮನೆಯಲ್ಲಿ ಹೃದಯಕ್ಕೆ ಪೇಸ್‌ಮೇಕರ್ ಹಾಕಿದ ಹಿರಿಯರಿದ್ದರೆ ಉರಿಯುತ್ತಿರುವ ಇಂಡಕ್ಷನ್ ಸ್ಟೌನಿಂದ ಕನಿಷ್ಠ ಎರಡು ಅಡಿ ದೂರ ಇರುವುದು ಒಳ್ಳೆಯದು. ಡಾಕ್ಟರರಲ್ಲಿ ಒಮ್ಮೆ ಕೇಳಿಕೊಳ್ಳಬೇಕು.

ಗೋಡೆಯ ಮೀಟರಿನಿಂದ ಗುಜರಿ ಅಂಗಡಿವರೆಗೆ

ಸುಳಿ ವಿದ್ಯುತ್ತಿನ ತಳ್ಳನ್ನು ಎಲ್ಲರೂ ಒಂದಲ್ಲ ಒಂದು ದಿನ ಕಣ್ಣಾರೆ ನೋಡಿದ್ದಾರೆ. ಹಳೇ ಕಪ್ಪು ಕರೆಂಟ್ ಮೀಟರಿನ ಗಾಜಿನ ಹಿಂದೆ ಕೆಂಪು ಗುರುತಿನ ಒಂದು ತಟ್ಟೆ ತಿರುಗುತ್ತಿತ್ತಲ್ಲ, ಅದೂ ಅಲ್ಯುಮಿನಿಯಂ ತಟ್ಟೆಯೇ. ಅದರ ಮೇಲೆ ಕೆಳಗೆ ಎರಡು ಎಸಿ ಸುರುಳಿ. ಒಂದು ವೋಲ್ಟೇಜಿಗೆ, ಇನ್ನೊಂದು ಮನೆಯವರು ಬಳಸುವ ಕರೆಂಟಿಗೆ. ಇಲ್ಲಿ ತಳ್ಳು ಮೇಲಕ್ಕಲ್ಲ, ಪಕ್ಕಕ್ಕೆ. ಹಾಗಾಗಿ ತಟ್ಟೆ ತೇಲುವ ಬದಲು ತಿರುಗುತ್ತದೆ. ಅದು ಹುಚ್ಚಾಪಟ್ಟೆ ಓಡದಂತೆ ತಡೆಯುವ ಬ್ರೇಕ್ ಒಂದು ಕಾಯಂ ಅಯಸ್ಕಾಂತ. ಆ ಬ್ರೇಕ್ ಕೆಲಸ ಮಾಡುವುದೂ ಸುಳಿ ವಿದ್ಯುತ್ತಿನಿಂದಲೇ. ಈ ತರದ ಮೀಟರನ್ನು 1889ರಲ್ಲಿ ಹಂಗೇರಿಯ ಒಟ್ಟೊ ಬ್ಲಾತಿ ರೂಪಿಸಿದರು. ನೂರು ವರ್ಷಕ್ಕೂ ಹೆಚ್ಚು ಕಾಲ ಜಗತ್ತಿನ ಕರೆಂಟ್ ಬಿಲ್ ನಿಂತದ್ದು ಒಂದು ಅಲ್ಯುಮಿನಿಯಂ ತಟ್ಟೆಯ ಮೇಲೆ. ಈಗ ಡಿಜಿಟಲ್ ಮೀಟರ್ ಬಂದು ತಟ್ಟೆ ಗುಜರಿಗೆ ಸೇರಿದೆ.

ಗುಜರಿ ವ್ಯಾಪಾರದಲ್ಲಿ ಇರುವವರಿಗೂ ಇದು ಸಂಬಂಧಪಟ್ಟ ವಿಷಯ. ರಾಶಿಯಿಂದ ಕಬ್ಬಿಣ ಬೇರೆ ಮಾಡಲು ಅಯಸ್ಕಾಂತ ಸಾಕು. ಅಲ್ಯುಮಿನಿಯಂ, ತಾಮ್ರ ಅದಕ್ಕೆ ಅಂಟುವುದಿಲ್ಲ, ಕೈಯಲ್ಲೇ ಹೆಕ್ಕಬೇಕು. ದೊಡ್ಡ ಮರುಬಳಕೆ ಘಟಕಗಳಲ್ಲಿ ಇದಕ್ಕೆ ಒಂದು ಯಂತ್ರ ಉಂಟು. ಬೆಲ್ಟಿನ ತುದಿಯ ರೋಲರಿನೊಳಗೆ ಅಯಸ್ಕಾಂತಗಳು ರಭಸದಿಂದ ಸುತ್ತುತ್ತವೆ. ಅದರ ಮೇಲೆ ಬಂದ ಅಲ್ಯುಮಿನಿಯಂ ಕ್ಯಾನ್‌ನಲ್ಲಿ ಸುಳಿ ವಿದ್ಯುತ್ ಹುಟ್ಟಿ ಅದು ಯಾರೋ ಎತ್ತಿ ಎಸೆದ ಹಾಗೆ ಮುಂದಕ್ಕೆ ಹಾರಿ ಬೇರೆ ಡಬ್ಬಿಗೆ ಬೀಳುತ್ತದೆ. ಪ್ಲಾಸ್ಟಿಕ್, ಗಾಜು ಅಲ್ಲೇ ಕೆಳಗೆ ಬೀಳುತ್ತವೆ. ಅಲ್ಲಿ ಸುರುಳಿಯ ಬದಲು ಸುತ್ತುವ ಅಯಸ್ಕಾಂತ ಇದೆ ಅನ್ನುವುದಷ್ಟೇ ವ್ಯತ್ಯಾಸ.

ಹೊಸೂರು, ಕೃಷ್ಣಗಿರಿ ಕಡೆ ಈಗ ಎಲೆಕ್ಟ್ರಿಕ್ ಸ್ಕೂಟರಿನ ಕಾಲ. ಏಥರ್ ಕಾರ್ಖಾನೆ ಹೊಸೂರಿನಲ್ಲಿ, ಓಲಾ ಕಾರ್ಖಾನೆ ಇದೇ ಜಿಲ್ಲೆಯ ಪೋಚಂಪಳ್ಳಿಯಲ್ಲಿ. ಮೋಟಾರಿನೊಳಗೆ ಸುಳಿ ವಿದ್ಯುತ್ ಒಬ್ಬ ಕಳ್ಳ. ಬ್ಯಾಟರಿಯ ಕರೆಂಟನ್ನು ಕದ್ದು ಬಿಸಿ ಮಾಡಿಬಿಡ್ತದೆ. ಅದಕ್ಕಾಗಿಯೇ ಮೋಟಾರಿನ, ಟ್ರಾನ್ಸ್‌ಫಾರ್ಮರಿನ ಕಬ್ಬಿಣವನ್ನು ಒಂದೇ ಗಟ್ಟಿಯಾಗಿ ಇಡುವುದಿಲ್ಲ. ಅರ್ಧ ಮಿಲಿಮೀಟರ್ ಅಥವಾ ಅದಕ್ಕಿಂತಲೂ ತೆಳುವಾದ ಹಾಳೆಗಳಿಗೆ ಲೇಪ ಹಚ್ಚಿ ಒಂದರ ಮೇಲೊಂದು ಜೋಡಿಸುತ್ತಾರೆ. ಹಾಳೆಯಿಂದ ಹಾಳೆಗೆ ದಾಟಲಾಗದೆ ಸುಳಿ ಅಲ್ಲೇ ಸಾಯುತ್ತದೆ.

ತೇಲುವ ರೈಲಿನಲ್ಲೂ ಇದೇ ತಳ್ಳು ಇದೆ. ಜಪಾನಿನ ಯಮನಾಶಿ ಪರೀಕ್ಷಾ ಹಳಿಯಲ್ಲಿ 2015ರ ಏಪ್ರಿಲ್‌ನಲ್ಲಿ ಗಂಟೆಗೆ 603 ಕಿಲೋಮೀಟರ್ ಓಡಿದ ರೈಲು, ವೇಗ ಬಂದ ಮೇಲೆ ಹಳಿಯ ಬದಿಯ ಸುರುಳಿಗಳಲ್ಲಿ ಹುಟ್ಟುವ ಕರೆಂಟಿನ ಬಲದಿಂದಲೇ ಸುಮಾರು 10 ಸೆಂಟಿಮೀಟರ್ ಮೇಲೇಳುತ್ತದೆ. ನಿಧಾನ ಇರುವಾಗ ಅದಕ್ಕೂ ಚಕ್ರವೇ ಗತಿ.

ತೇಲಿಸುವವರ ಮೋಸ

1842ರಲ್ಲಿ ಇಂಗ್ಲೆಂಡಿನ ಸ್ಯಾಮುವೆಲ್ ಅರ್ನ್‌ಶಾ ಗಣಿತದ ಮೂಲಕ ಒಂದು ಮಾತು ಸಾಧಿಸಿದರು. ಕಾಯಂ ಅಯಸ್ಕಾಂತಗಳನ್ನು ಎಷ್ಟೇ ಜೋಡಿಸಿದರೂ ಇನ್ನೊಂದು ಕಾಯಂ ಅಯಸ್ಕಾಂತವನ್ನು ಗಾಳಿಯಲ್ಲಿ ಅಲುಗದೆ ಭದ್ರವಾಗಿ ನಿಲ್ಲಿಸಲು ಆಗುವುದಿಲ್ಲ. ಒಂದಲ್ಲ ಒಂದು ಬದಿಗೆ ಜಾರಿಯೇ ಜಾರುತ್ತದೆ. ತಟ್ಟೆ ತೇಲುವುದು ಯಾಕೆಂದರೆ ಅದರೊಳಗಿನ ಕರೆಂಟ್ ಅದು ಸರಿದಂತೆ ಬದಲಾಗುತ್ತಿರುತ್ತದೆ. ಫ್ಯಾನ್ಸಿ ಅಂಗಡಿಗಳಲ್ಲಿ ಮಾರುವ ತೇಲುವ ಗ್ಲೋಬು, ಚಂದ್ರನ ದೀಪದ ಕೆಳಗಿನ ಡಬ್ಬಿಯಲ್ಲಿ ಸೆನ್ಸರ್ ಇರುತ್ತದೆ. ಗ್ಲೋಬು ಸರಿದ ಕೂಡಲೇ ಅದು ಕರೆಂಟ್ ತಿದ್ದಿ ನಡುವಿಗೆ ತರುತ್ತದೆ. ಪ್ಲಗ್ ಕಿತ್ತರೆ ಎರಡೂ ಬೀಳುತ್ತವೆ.

ಪ್ರವಾದಿ ಮುಹಮ್ಮದ್ (ಸ)ರವರ ಸಮಾಧಿ ಅಯಸ್ಕಾಂತಗಳ ನಡುವೆ ಗಾಳಿಯಲ್ಲಿ ತೂಗುತ್ತಿದೆ ಎಂಬ ಕಟ್ಟುಕಥೆ ಮಧ್ಯಯುಗದ ಯುರೋಪಿನಲ್ಲಿ ಬಹುಕಾಲ ಹರಡಿತ್ತು. ಮುಸ್ಲಿಮರು ಇಂಥ ತಂತ್ರಕ್ಕೆ ಮರುಳಾದವರು ಅಂತ ಗೇಲಿ ಮಾಡಲು ಅದನ್ನು ಬಳಸಿದರು. ಮುಸ್ಲಿಮರು ಅಂಥ ಮಾತು ಹೇಳಿದ್ದೇ ಇಲ್ಲ. ಅವರ ಕಬರ್ ಮದೀನಾದ ಮಸ್ಜಿದುನ್ನಬವಿಯಲ್ಲಿ ನೆಲದಲ್ಲೇ ಇದೆ. 1646ರಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ಬ್ರೌನ್ ತಮ್ಮ ಪುಸ್ತಕದಲ್ಲಿ ಅದು ಸುಳ್ಳು ಎಂದು ಬರೆದರು. ಸುಮಾರು ಇನ್ನೂರು ವರ್ಷಗಳ ನಂತರ ಅರ್ನ್‌ಶಾರ ಲೆಕ್ಕ, ಆ ಕಥೆ ನಡೆಯಲು ಸಾಧ್ಯವೇ ಇಲ್ಲ ಎಂದು ತೋರಿಸಿತು.

ಈಗಿನ ಕಟ್ಟುಕಥೆಯ ಹೆಸರು ‘ರೈಸ್ ಪುಲ್ಲಿಂಗ್’. ಹಳೇ ತಾಮ್ರದ ಚೊಂಬಿಗೆ, ನಾಣ್ಯಕ್ಕೆ ಅಪರೂಪದ ಶಕ್ತಿ ಉಂಟು, ಅದರಲ್ಲಿ ಇರಿಡಿಯಂ ಉಂಟು, ಅಕ್ಕಿಕಾಳನ್ನು ಎಳೆಯುತ್ತದೆ, ನಾಸಾದವರು ಕೋಟಿ ಕೊಟ್ಟು ಕೊಳ್ಳುತ್ತಾರೆ ಅಂತ ನಂಬಿಸಿ ‘ಟೆಸ್ಟಿಂಗ್ ಫೀಸ್’ ಹೆಸರಿನಲ್ಲಿ ಲಕ್ಷಗಟ್ಟಲೆ ಪೀಕುತ್ತಾರೆ. ಕರ್ನಾಟಕ, ತಮಿಳುನಾಡು, ಆಂಧ್ರ ಮೂರೂ ಕಡೆ ಪೊಲೀಸರು ಇಂಥ ಗ್ಯಾಂಗುಗಳನ್ನು ಹಿಡಿದಿದ್ದಾರೆ. ಕಳೆದುಕೊಂಡವರಲ್ಲಿ ಓದಿದವರೂ ಇದ್ದಾರೆ, ವ್ಯಾಪಾರಿಗಳೂ ಇದ್ದಾರೆ. ಮಾನ ಹೋಗ್ತದೆ ಅಂತ ದೂರು ಕೊಡದವರೂ ಇದ್ದಾರೆ.

ಅಂಥವರು ಎದುರಿಗೆ ಬಂದಾಗ ಮೂರು ವಿಷಯ ನೆನಪಿಟ್ಟುಕೊಂಡರೆ ಸಾಕು. ಅಕ್ಕಿ ಲೋಹವಲ್ಲ, ಅದರಲ್ಲಿ ಸುಳಿ ವಿದ್ಯುತ್ ಹುಟ್ಟುವುದಿಲ್ಲ, ಅದಕ್ಕೆ ಅಯಸ್ಕಾಂತವೂ ಅಂಟುವುದಿಲ್ಲ. ಚೊಂಬಿನ ಕಡೆಗೆ ಕಾಳು ಓಡಿದರೆ ಕಾಳಿಗೆ ಕಬ್ಬಿಣದ ಪುಡಿ ಮೆತ್ತಿದ್ದಾರೆ ಅಥವಾ ಇನ್ನಾವುದೋ ಕೈಚಳಕ ಇದೆ ಅಂತಲೇ ಅರ್ಥ. ಎರಡನೆಯದು, ತಾಮ್ರವನ್ನು ತಳ್ಳಲಿಕ್ಕೂ ಎಳೆಯಲಿಕ್ಕೂ ಹೊರಗಿನಿಂದ ಬದಲಾಗುವ ಅಯಸ್ಕಾಂತ ಬಲ ಬೇಕು. ಸುಮ್ಮನೆ ಮೇಜಿನ ಮೇಲಿಟ್ಟ ಚೊಂಬಿಗೆ ತನ್ನದೇ ಬಲ ಇಲ್ಲ. ಮೂರನೆಯದು, 107 ಗ್ರಾಂ ತಟ್ಟೆಯನ್ನು 11 ಮಿಲಿಮೀಟರ್ ಮೇಲೆ ನಿಲ್ಲಿಸಲಿಕ್ಕೇ 20 ಆಂಪಿಯರ್ ಕರೆಂಟ್ ಬೇಕು. ಕರೆಂಟ್ ಎಲ್ಲಿಂದ ಬರ್ತದೆ, ಬಿಲ್ ಯಾರು ಕಟ್ತಾರೆ ಅಂತ ಕೇಳಿ. ಅದಕ್ಕೆ ಉತ್ತರ ಇಲ್ಲದಿದ್ದರೆ ಮಾತು ಅಲ್ಲಿಗೇ ನಿಲ್ಲಿಸಿ, ಕಿಸೆಗೆ ಕೈ ಹಾಕಬೇಡಿ. ದುಡ್ಡು ಆಗಲೇ ಕೊಟ್ಟಾಗಿದ್ದರೆ ನಾಚಿಕೆ ಬಿಟ್ಟು ಹತ್ತಿರದ ಠಾಣೆಗೆ ಹೋಗಿ ದೂರು ಕೊಡಿ.